ನಡಿಗೆಯೋ, ಭಾರವೋ, ಯೋಗವೋ: ಕ್ಯಾನ್ಸರ್‌ ತಡೆಗೆ, ಚಿಕಿತ್ಸೆಯ ನಡುವೆ, ಆಮೇಲೆ

ಕ್ಯಾನ್ಸರ್‌ಗೆ ಯಾವ ವ್ಯಾಯಾಮ ಒಳ್ಳೆಯದು ಎಂದು ಯಾರಾದರೂ ಕೇಳಿದರೆ, ತಿರುಗಿ ಕೇಳಬೇಕಾದ ಮಾತು ಎರಡು. ಈಗ ನಿಮ್ಮನ್ನು ಕಾಡುತ್ತಿರುವುದು ಏನು? ಆರು ತಿಂಗಳಾದ ಮೇಲೂ ಮಾಡುತ್ತಿದ್ದೀರಾ ಎಂದು ವಿಚಾರಿಸುವವರು ಯಾರು? ಮೊದಲನೆಯದರಿಂದ ವ್ಯಾಯಾಮದ ಬಗೆ ತೀರ್ಮಾನವಾಗುತ್ತದೆ, ಎರಡನೆಯದರಿಂದ ಅದರ ಫಲ. ಬಗೆಯ ವಿಷಯದಲ್ಲಿ ತಲೆ ಕೆಡಿಸಿಕೊಳ್ಳುವವರು ಬಹಳ. ಆದರೆ ಸಂಶೋಧನೆಗಳನ್ನು ಒಟ್ಟಿಗೆ ಇಟ್ಟು ಓದಿದರೆ ಹೆಚ್ಚು ತೂಗುವುದು ಎರಡನೆಯ ಪ್ರಶ್ನೆಯೇ.

ಕಾಯಿಲೆ ಬಾರದಿರಲಿ ಎನ್ನುವವರಿಗೆ

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯ ಪ್ರಕಾರ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಇಲ್ಲವೇ 75ರಿಂದ 150 ನಿಮಿಷ ಜೋರು ಶ್ರಮ ಬೇಕು. ಜೊತೆಗೆ ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ. ಮೈ ದಂಡಿಸುವವರಲ್ಲಿ ಏಳು ಬಗೆಯ ಕ್ಯಾನ್ಸರ್‌ಗಳು ಕಡಿಮೆ ಎಂಬುದಕ್ಕೆ ಗಟ್ಟಿ ಆಧಾರವಿದೆ: ದೊಡ್ಡ ಕರುಳು, ಸ್ತನ, ಕಿಡ್ನಿ, ಗರ್ಭಕೋಶದ ಒಳಪದರ, ಮೂತ್ರಕೋಶ, ಜಠರ ಮತ್ತು ಅನ್ನನಾಳದ ಅಡಿನೊಕಾರ್ಸಿನೋಮ (ಗ್ರಂಥಿಕೋಶಗಳಲ್ಲಿ ಹುಟ್ಟುವ ಬಗೆ).

ಈ ಆಧಾರ ಬಂದಿರುವುದು ಹೆಚ್ಚಾಗಿ ಜನರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನಗಳಿಂದ. ಅವುಗಳ ಮಿತಿ ಎಂಥದು ಎಂಬುದಕ್ಕೆ 2016ರ ಒಂದು ದೊಡ್ಡ ವಿಶ್ಲೇಷಣೆಯೇ ಉದಾಹರಣೆ. 14 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಒಟ್ಟುಗೂಡಿಸಿದಾಗ, ಬಿಡುವಿನ ವೇಳೆಯಲ್ಲಿ ಹೆಚ್ಚು ಚಟುವಟಿಕೆ ಇದ್ದವರಲ್ಲಿ 13 ಬಗೆಯ ಕ್ಯಾನ್ಸರ್‌ಗಳು ಕಡಿಮೆ ಕಂಡವು. ಮೆಲನೋಮ ಎಂಬ ಚರ್ಮದ ಕ್ಯಾನ್ಸರ್, ಅಲ್ಪಸ್ವಲ್ಪ ಪ್ರಾಸ್ಟೇಟ್ ಕ್ಯಾನ್ಸರ್ ಮಾತ್ರ ಹೆಚ್ಚು ಕಂಡವು. ಓಡಿದ್ದರಿಂದ ಮೆಲನೋಮ ಬಂತೆಂದು ಯಾರೂ ವಾದಿಸುವುದಿಲ್ಲ. ಬಯಲಲ್ಲಿ ಓಡುವವರಿಗೆ ಬಿಸಿಲು ಜಾಸ್ತಿ ತಗಲುತ್ತದೆ, ಅಷ್ಟೇ. ಕಡಿಮೆಯಾದದ್ದನ್ನು ಓದುವಾಗಲೂ ಇದೇ ಎಚ್ಚರ ಇರಲಿ. ಮೈಯಲ್ಲಿ ಗೊತ್ತಾಗದೆ ಬೆಳೆಯುತ್ತಿರುವ ಕಾಯಿಲೆಯೇ ಮನುಷ್ಯನನ್ನು ಕೂರಿಸಿಬಿಡಬಹುದು. ಹಾಗಾಗಿಯೇ ಒಳ್ಳೆಯ ಅಧ್ಯಯನಗಳು ಮೊದಲ ಒಂದೆರಡು ವರ್ಷಗಳಲ್ಲಿ ಪತ್ತೆಯಾದ ರೋಗಿಗಳನ್ನು ಲೆಕ್ಕದಿಂದ ತೆಗೆದು ಮತ್ತೊಮ್ಮೆ ಕೂಡಿಸಿ ನೋಡುತ್ತವೆ.

ಅಳೆಯುವುದು ಹೇಗೆ? ನಿಮಿಷ, ಹೆಜ್ಜೆ, ಚಿಕ್ಕಚಿಕ್ಕ ಬಿರುಸು ಎಂಬ ಮೂರು ದಾರಿಗಳಿವೆ. ದಿನಕ್ಕೆ 10,000 ಹೆಜ್ಜೆ ಎಂಬ ಅಂಕಿ ಪ್ರಯೋಗಾಲಯದಿಂದ ಹುಟ್ಟಿದ್ದಲ್ಲ, 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಒಂದು ಹೆಜ್ಜೆ ಎಣಿಕೆಯ ಯಂತ್ರದ ಹೆಸರಿನಿಂದ ಹಬ್ಬಿದ್ದು. ಅದನ್ನು ಮುಟ್ಟಲಾಗದೆ ಕೈಚೆಲ್ಲುವುದಕ್ಕಿಂತ ಈಗಿನ ಸರಾಸರಿಗೆ 1,500 ಅಥವಾ 2,000 ಸೇರಿಸಿಕೊಳ್ಳುವುದು ಜಾಣತನ. ವ್ಯಾಯಾಮಕ್ಕೆಂದೇ ಹೊತ್ತು ಎತ್ತಿಡಲಾಗದವರಿಗೆ ಮೂರನೆಯ ದಾರಿ. ಬ್ರಿಟನ್ನಿನ ಜನರ ಆರೋಗ್ಯ ಮಾಹಿತಿಯ ಸಂಗ್ರಹವಾದ ಯುಕೆ ಬಯೋಬ್ಯಾಂಕ್‌ನಲ್ಲಿ ವ್ಯಾಯಾಮ ಮಾಡುವುದಿಲ್ಲ ಎಂದ 22,000ಕ್ಕೂ ಹೆಚ್ಚು ಮಂದಿಯ ಮಣಿಕಟ್ಟಿನ ಮಾಪಕಗಳನ್ನು 2023ರಲ್ಲಿ ವಿಶ್ಲೇಷಿಸಿದರು. ಮೆಟ್ಟಿಲು ಹತ್ತುವುದು, ಬಸ್ಸಿಗೆ ಓಡುವುದು ಇಂಥ ಒಂದೆರಡು ನಿಮಿಷದ ಜೋರು ಶ್ರಮವೆಲ್ಲ ಸೇರಿ ದಿನಕ್ಕೆ ಸುಮಾರು ಮೂರೂವರೆ ನಿಮಿಷ ಆದವರಲ್ಲಿ, ಏನೂ ಇಲ್ಲದವರಿಗಿಂತ ಕ್ಯಾನ್ಸರ್‌ ಶೇ 17–18ರಷ್ಟು ಕಡಿಮೆ ಕಂಡಿತು. ಇದೂ ಗಮನಿಸಿದ ಲೆಕ್ಕವೇ. ಆದರೂ ಸೊನ್ನೆಯಿಂದ ಮೇಲೇಳುವವರಿಗೆ ಆರಂಭಿಸಲು ಸಾಕಷ್ಟು ಕಾರಣ.

ಚಿಕಿತ್ಸೆ ನಡೆಯುತ್ತಿರುವವರಿಗೆ, ಮುಗಿದವರಿಗೆ

ಇಲ್ಲಿ ಲೆಕ್ಕ ಬದಲಾಗುತ್ತದೆ. ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ ಕರೆದ ಅಂತರರಾಷ್ಟ್ರೀಯ ತಜ್ಞರ ಸಭೆ 2019ರಲ್ಲಿ ಪ್ರಕಟಿಸಿದ ಒಮ್ಮತದ ಹೇಳಿಕೆ ಈ ಕ್ಷೇತ್ರದಲ್ಲಿ ಹೆಚ್ಚು ಬಳಕೆಯಲ್ಲಿದೆ. ಅದರ ಹೆಚ್ಚುಗಾರಿಕೆ ಏನೆಂದರೆ, ಔಷಧಿಗೆ ಬರೆಯುವ ಹಾಗೆ ಒಂದೊಂದು ತೊಂದರೆಗೆ ಒಂದೊಂದು ಪ್ರಮಾಣ ಹೇಳುತ್ತದೆ. ನೀವು ಆರಿಸಿಕೊಳ್ಳುವಾಗಲೂ ಹಾಗೇ, ತೊಂದರೆಯಿಂದ ಹೊರಡಿ.

ಸುಸ್ತು ಕಾಡುತ್ತಿದ್ದರೆ ನಡಿಗೆಯೂ ಆದೀತು, ಭಾರ ಎತ್ತುವುದೂ ಆದೀತು, ಎರಡೂ ಸೇರಿದರೂ ಆದೀತು. ವಾರಕ್ಕೆ ಮೂರು ಸಲ 30 ನಿಮಿಷದ ಮಧ್ಯಮ ನಡಿಗೆ ಅಥವಾ ಸೈಕಲ್. ಇಲ್ಲವೇ ವಾರಕ್ಕೆ ಎರಡು ಸಲ ಸ್ನಾಯು ವ್ಯಾಯಾಮ. ಫಲ ಕಾಣಲು 8ರಿಂದ 12 ವಾರ ಬೇಕು. ಮೂರನೆಯ ವಾರಕ್ಕೇ ಏನೂ ಆಗಲಿಲ್ಲವಲ್ಲ ಎಂದು ಬಿಡುವವರೇ ಹೆಚ್ಚು. ಕ್ಯಾನ್ಸರ್‌ನ ಸುಸ್ತು ದುಡಿದು ಬಂದ ದಣಿವಿನ ಹಾಗಲ್ಲ. ಮಲಗಿ ಎದ್ದರೂ ಹೋಗುವುದಿಲ್ಲ. ಮಲಗಿದಷ್ಟೂ ಸ್ನಾಯು ಕರಗಿ, ಮಾರನೆಯ ದಿನ ಅದೇ ಕೆಲಸ ಇನ್ನಷ್ಟು ಭಾರವಾಗುತ್ತದೆ. 113 ಪ್ರಯೋಗಗಳನ್ನು ಕೂಡಿಸಿ ನೋಡಿದ 2017ರ ವಿಶ್ಲೇಷಣೆಯಲ್ಲಿ ಈ ಸುಸ್ತಿಗೆ ವ್ಯಾಯಾಮ ಮತ್ತು ಮನೋಚಿಕಿತ್ಸೆ ಎರಡೂ ಔಷಧಿಗಳಿಗಿಂತ ಚೆನ್ನಾಗಿ ಕೆಲಸ ಮಾಡಿದ್ದವು. ಹಾಗಾಗಿ ಮೊದಲ ದಿನಗಳಲ್ಲಿ ಎದ್ದು ನಿಲ್ಲುವುದೂ ಕಷ್ಟ ಎನ್ನುವವರು ಆಪ್ತಸಲಹೆಯಿಂದಲೇ ಶುರು ಮಾಡಬಹುದು, ಅದೇನೂ ಎರಡನೇ ದರ್ಜೆಯ ಆಯ್ಕೆಯಲ್ಲ.

ಆತಂಕ, ಖಿನ್ನತೆ ಮುಖ್ಯವಾದರೆ ಆಯ್ಕೆ ಕಿರಿದಾಗುತ್ತದೆ. ನಡಿಗೆ, ಸೈಕಲ್‌ನಂಥ ಉಸಿರಾಟದ ಶ್ರಮ ಇರಲೇಬೇಕು. ಬರೀ ಭಾರ ಎತ್ತಿದ್ದರಿಂದ ಇವು ತಗ್ಗುತ್ತವೆ ಎಂಬುದಕ್ಕೆ ಆ ತಜ್ಞರಿಗೆ ಆಧಾರ ಸಿಗಲಿಲ್ಲ. ನಿದ್ದೆಗೂ ನಡಿಗೆಯೇ ಮುಂದೆ: 30–40 ನಿಮಿಷ, ವಾರಕ್ಕೆ ಮೂರು ನಾಲ್ಕು ಸಲ. ಯೋಗಕ್ಕೂ ಇಲ್ಲಿ ಜಾಗವಿದೆ. ಚಿಕಿತ್ಸೆ ಮುಗಿದೂ ನಿದ್ದೆ ಬಾರದ 410 ಜನರ ಮೇಲೆ ನಡೆದ, 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ವಾರಕ್ಕೆರಡು ಬಾರಿ 75 ನಿಮಿಷದಂತೆ ನಾಲ್ಕು ವಾರ ಮೃದುವಾದ ಹಠಯೋಗ ಮಾಡಿದವರ ನಿದ್ದೆ ಸುಧಾರಿಸಿತು, ನಿದ್ದೆ ಮಾತ್ರೆಯ ಬಳಕೆಯೂ ಇಳಿಯಿತು. ಗಮನಿಸಿ: ಆಸನ, ಪ್ರಾಣಾಯಾಮ, ಧ್ಯಾನ ಸೇರಿದ ಸೌಮ್ಯ ತರಗತಿ ಅದು. ಬೆವರಿಳಿಸುವ ಯೋಗ ತರಗತಿಗೂ ಇದೇ ಫಲ ಎಂದು ಎಳೆದು ತರುವಂತಿಲ್ಲ.

ಮೂಳೆಯ ಮಾತು ಬಂದಾಗ ನಡಿಗೆ ಸೋಲುತ್ತದೆ. ಹಾರ್ಮೋನು ತಗ್ಗಿಸುವ ಚಿಕಿತ್ಸೆಯಲ್ಲಿರುವವರು, ಅಂದರೆ ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಇಂಜೆಕ್ಷನ್ ಪಡೆಯುವವರು, ಸ್ತನ ಕ್ಯಾನ್ಸರ್‌ಗೆ ಅರೊಮಟೇಸ್ ತಡೆ ಮಾತ್ರೆ ನುಂಗುವವರು, ಮೂಳೆಯನ್ನೂ ಕಳೆದುಕೊಳ್ಳುತ್ತಾರೆ, ಸ್ನಾಯುವನ್ನೂ ಕಳೆದುಕೊಳ್ಳುತ್ತಾರೆ. ದಿನಾ ಐದು ಕಿಲೋಮೀಟರ್ ನಡೆಯುತ್ತೇನಲ್ಲ ಎಂಬ ಸಮಾಧಾನ ಮೂಳೆಗೆ ತಲುಪುವುದಿಲ್ಲ. ಅದಕ್ಕೆ ಸಾಕಷ್ಟು ಭಾರದ ಸ್ನಾಯು ವ್ಯಾಯಾಮ, ಮೈಗೆ ಒಗ್ಗಿದರೆ ಜಿಗಿತದಂಥ ಹೊಡೆತದ ಚಲನೆ, ಸುಮಾರು ಒಂದು ವರ್ಷ ಬೇಕು. ಆ ಮಾತ್ರೆಗಳಿಂದ ಬರುವ ಕೀಲುನೋವಿಗೂ ವ್ಯಾಯಾಮ ಒಗ್ಗುತ್ತದೆ. 121 ಮಹಿಳೆಯರ ಒಂದು ಪ್ರಯೋಗದಲ್ಲಿ ವಾರಕ್ಕೆ ಎರಡು ದಿನ ಭಾರ, 150 ನಿಮಿಷ ನಡಿಗೆಯಂಥ ಶ್ರಮ ಸೇರಿಸಿ ವರ್ಷ ಮಾಡಿದವರಲ್ಲಿ ಅತಿ ತೀವ್ರ ನೋವಿನ ಅಂಕ ಶೇ 29ರಷ್ಟು ಇಳಿಯಿತು. ನೋವು ಎಂದು ಮಾತ್ರೆಯನ್ನೇ ನಿಲ್ಲಿಸಿಬಿಡುವವರಿಗೆ ಇದು ಸಣ್ಣ ವಿಷಯವಲ್ಲ.

ತೋಳು ಊದಿಕೊಂಡವರು ಭಾರ ಎತ್ತಬಹುದೇ?

ಬಹಳ ಕಾಲ ಉತ್ತರ 'ಬೇಡ' ಎಂದೇ ಇತ್ತು. ಸ್ತನ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಕಂಕುಳಿನ ಗ್ರಂಥಿ ತೆಗೆಸಿಕೊಂಡವರಿಗೆ ಆ ಕೈಯಲ್ಲಿ ಚೀಲ ಕೂಡ ಹಿಡಿಯಬೇಡಿ ಎನ್ನುತ್ತಿದ್ದರು. 2009ರಲ್ಲಿ ಪ್ರಕಟವಾದ ಪಾಲ್ ಪ್ರಯೋಗ ಅದನ್ನು ತಿರುಗಿಸಿತು. ಲಿಂಫೆಡಿಮಾ (ದುಗ್ಧರಸ ನಿಂತು ತೋಳು ಊದುವ ತೊಂದರೆ) ಇದ್ದ 141 ಮಹಿಳೆಯರಲ್ಲಿ ಅರ್ಧದಷ್ಟು ಮಂದಿ ವಾರಕ್ಕೆರಡು ಸಲ ಭಾರ ಎತ್ತಿದರು. ತೋಳಿನ ಊತ ಹೆಚ್ಚಲಿಲ್ಲ. ಬಾವು ಉಲ್ಬಣಿಸಿದ್ದು ಭಾರ ಎತ್ತಿದವರಲ್ಲಿ ಶೇ 14, ಎತ್ತದವರಲ್ಲಿ ಶೇ 29.

ಇಷ್ಟು ಓದಿ ಡಂಬೆಲ್‌ಗೆ ಕೈ ಹಾಕುವ ಮೊದಲು ಅವರು ಹೇಗೆ ಎತ್ತಿದರು ಎಂಬುದನ್ನು ನೋಡಬೇಕು, ಗುಟ್ಟು ಇರುವುದು ಅಲ್ಲೇ. ಶುರುವಿನಲ್ಲಿ ಭಾರ ಇಲ್ಲವೆನ್ನುವಷ್ಟು ಕಡಿಮೆ. ಒತ್ತುವ ತೋಳುಪಟ್ಟಿ ಹಾಕಿಕೊಂಡೇ ವ್ಯಾಯಾಮ. ಒಂದೇ ಭಾರದಲ್ಲಿ ಎರಡು ಸಲ ಮಾಡಿದ ಮೇಲೂ ತೋಳಿನಲ್ಲಿ ಬಿಗಿತ, ಭಾರ, ಊತ ಯಾವುದೂ ಬದಲಾಗದಿದ್ದರೆ ಮಾತ್ರ ಏರಿಕೆ, ಅದೂ ಅಲ್ಲಿ ಸಿಗುವ ಅತಿ ಚಿಕ್ಕ ತೂಕದಷ್ಟು. ಮೊದಲ 13 ವಾರ ತರಬೇತಾದವರ ಕಣ್ಣಮುಂದೆ, ಆಮೇಲೆ ತಾವಾಗಿ. ಮನೆಯಲ್ಲಿ ಕೆಡುವುದು ಸಾಮಾನ್ಯವಾಗಿ ಮೂರು ಕಡೆ. ಎರಡು ವಾರ ತಪ್ಪಿಸಿ ಬಂದು ಬಿಟ್ಟ ತೂಕದಿಂದಲೇ ಎತ್ತುವುದು. ಊತವಿಲ್ಲದ ಕೈ ಎತ್ತಿದಷ್ಟನ್ನು ಊದಿದ ಕೈಗೂ ಕೊಡುವುದು. ಹಳೆಯದಾಗಿ ಸಡಿಲಾದ ತೋಳುಪಟ್ಟಿಯನ್ನೇ ಹಾಕಿಕೊಂಡಿರುವುದು.

ಭಾರ ಎಷ್ಟಿರಬೇಕು?

ಒಮ್ಮೆಗೆ ಎತ್ತಬಲ್ಲ ಗರಿಷ್ಠ ಭಾರದ ಶೇ 60, 8ರಿಂದ 15 ಸಲ, ಕನಿಷ್ಠ ಎರಡು ಸುತ್ತು ಎಂಬುದು ಶಿಫಾರಸು. ಗರಿಷ್ಠ ಎಷ್ಟೆಂದು ಪರೀಕ್ಷಿಸುವುದು ಚಿಕಿತ್ಸೆಯ ನಡುವೆ ಬೇಡ. ಸುಲಭ ದಾರಿ: 12ನೇ ಸಲ ಎತ್ತಿದಾಗ ಇನ್ನೂ ಎರಡು ಮೂರು ಆದೀತು, ಆದರೆ ಆರು ಆಗಲಾರದು ಎನಿಸುವ ಭಾರ ಸರಿ. ನಗುನಗುತ್ತಾ 20 ಎತ್ತಿದರೆ ಅದು ಕೈಯಾಡಿಸಿದಂತೆ, ಸ್ನಾಯುವಿಗೆ ಸುದ್ದಿಯೇ ಮುಟ್ಟುವುದಿಲ್ಲ.

ಏನೂ ಸಲಕರಣೆ ಇಲ್ಲದವರಿಗೆ ಒಂದು ಕುರ್ಚಿ ಸಾಕು. ಕೈಯಾಸರೆಯಿಲ್ಲದ, ಸುಮಾರು 43 ಸೆಂಟಿಮೀಟರ್ ಎತ್ತರದ ಕುರ್ಚಿಯನ್ನು ಗೋಡೆಗೆ ಒರಗಿಸಿಡಿ, ಇಲ್ಲದಿದ್ದರೆ ಏಳುವಾಗ ಹಿಂದೆ ಜಾರುತ್ತದೆ. ಪಾದ ನೆಲಕ್ಕೆ ಪೂರ್ತಿ ಊರಿರಲಿ, ಕೈಗಳು ಎದೆಯ ಮೇಲೆ ಕತ್ತರಿಯಾಗಿರಲಿ. 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ನಿಂತು ಕೂರುತ್ತೀರಿ ಎಣಿಸಿ, ಬರೆದಿಡಿ. ಇದೇ ಪರೀಕ್ಷೆ, ಇದೇ ವ್ಯಾಯಾಮ. ಎಂಟು ಹತ್ತು ಸಲದ ಎರಡು ಸುತ್ತು, ನಡುವೆ ಒಂದೆರಡು ನಿಮಿಷ ಬಿಡುವು. ಸುಲಭವಾದಾಗ ಕೂರುವ ಹೊತ್ತಿಗೆ ಮೂರು ಸೆಕೆಂಡ್ ತೆಗೆದುಕೊಂಡು ನಿಧಾನವಾಗಿ ಇಳಿಯಿರಿ. ಆಮೇಲೆ ನೀರು ತುಂಬಿದ ಬಾಟಲಿಯನ್ನು ಎದೆಗೆ ಅವುಚಿಕೊಂಡು ಮಾಡಿ. ಉಸಿರು ಹಿಡಿಯಬಾರದು, ಏಳುವಾಗ ಬಿಡಬೇಕು. ಹೊಟ್ಟೆಯ ಮೇಲೆ ಸ್ಟೊಮಾ (ಮಲ, ಮೂತ್ರ ಹೊರಹೋಗಲು ಮಾಡಿದ ತೂತು) ಇರುವವರಿಗೆ ಇದು ಎಲ್ಲಕ್ಕಿಂತ ಮುಖ್ಯ, ಉಸಿರು ಬಿಗಿಹಿಡಿದು ಮುಕ್ಕಿದರೆ ಆ ಜಾಗದಲ್ಲಿ ಹರ್ನಿಯಾ ಆಗುವ ಭಯವಿದೆ.

ಶ್ರಮ ಅಳೆಯಲು: ಗಡಿಯಾರವೋ, ಮಾತೋ

ಎದೆಬಡಿತ ತೋರಿಸುವ ಕೈಗಡಿಯಾರ ನೋಡಲು ಖಚಿತ, ಈ ಕೆಲಸಕ್ಕೆ ಅಷ್ಟು ನೆಚ್ಚಿಕೆಯದಲ್ಲ. ರಕ್ತಹೀನತೆ, ಕೀಮೋ, ಬೀಟಾ ಬ್ಲಾಕರ್ ಮಾತ್ರೆ ಎಲ್ಲವೂ ಬಡಿತವನ್ನು ಏರುಪೇರು ಮಾಡುತ್ತವೆ. ಮಾತಿನ ಪರೀಕ್ಷೆಯೇ ಮೇಲು: ಮಾತಾಡಬಹುದು ಆದರೆ ಹಾಡಲಾಗದು ಎಂದರೆ ಮಧ್ಯಮ, ನಾಲ್ಕು ಪದಕ್ಕೊಮ್ಮೆ ಉಸಿರು ಎಳೆಯಬೇಕಾದರೆ ಜೋರು. ಸೊನ್ನೆಯೆಂದರೆ ಕೂತಿರುವುದು, ಹತ್ತೆಂದರೆ ಇನ್ನಾಗದು ಎಂಬ ಅಳತೆಯಲ್ಲಿ 5–6 ಮಧ್ಯಮ, 7–8 ಜೋರು. ಕೀಮೋ ಆದ ಮೂರನೇ ದಿನ ನಿಮ್ಮ 'ಐದು' ಬಹಳ ನಿಧಾನದ ನಡಿಗೆಯಾಗಿರಬಹುದು. ಅದೂ ಐದೇ. ಈ ಅಳತೆಯ ಬೆಲೆ ಇರುವುದೇ ಅದರಲ್ಲಿ.

ಹೆಜ್ಜೆ ಎಣಿಕೆಯಲ್ಲೂ ಒಂದು ಕಳ್ಳದಾರಿ ಇದೆ. ಮಣಿಕಟ್ಟಿನ ಮಾಪಕ ಕೈ ಬೀಸನ್ನು ನಂಬಿಕೊಂಡಿದೆ. ವಾಕರ್ ಹಿಡಿದೋ ತಳ್ಳುಗಾಡಿ ತಳ್ಳುತ್ತಲೋ ನಡೆದವರ ಎಷ್ಟೋ ಹೆಜ್ಜೆ ಬಿಟ್ಟುಹೋಗುತ್ತದೆ. ಅಂಥವರು ನಿಮಿಷ ಎಣಿಸಿಕೊಂಡರೆ ಸಾಕು.

ನಿಲ್ಲಿಸಬೇಕಾದ ದಿನಗಳು

ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿದ್ದರೆ ಅಂದು ವ್ಯಾಯಾಮವಿಲ್ಲ, ವೈದ್ಯರಿಗೆ ಫೋನ್ ಮಾಡುವುದೇ ಕೆಲಸ. ಪ್ಲೇಟ್‌ಲೆಟ್ 50,000ಕ್ಕಿಂತ ಕೆಳಗಿದ್ದರೆ ಭಾರ, ಬೀಳುವ ಅಪಾಯದ ಆಟ ಬೇಡ. 20,000ಕ್ಕಿಂತ ಕೆಳಗೆ ಮೆಲ್ಲನೆಯ ಓಡಾಟದಷ್ಟೇ, ಅದೂ ವೈದ್ಯರು ಒಪ್ಪಿದರೆ. ಹಿಮೋಗ್ಲೋಬಿನ್ 8ಕ್ಕಿಂತ ಕಡಿಮೆಯಿದ್ದರೂ ಕೇಳಿಯೇ ಮುಂದುವರಿಯಬೇಕು. ನಿಮ್ಮ ವೈದ್ಯರು ಬೇರೆ ಗಡಿ ಹಾಕಿದ್ದರೆ ಅದೇ ನಡೆಯಲಿ. ಬಿಳಿರಕ್ತಕಣ ಇಳಿದಿರುವ ವಾರದಲ್ಲಿ ಜಿಮ್, ಈಜುಕೊಳ ಬಿಟ್ಟು ಮನೆಯಲ್ಲೋ ಬಯಲಲ್ಲೋ ಮಾಡಿ. ಕೇಂದ್ರ ರಕ್ತನಾಳಕ್ಕೆ ನಳಿಕೆ ಹಾಕಿದ್ದರೆ, ರೇಡಿಯೇಷನ್‌ನಿಂದ ಚರ್ಮ ಕೆಂಪಗಾಗಿದ್ದರೆ ನೀರಿಗಿಳಿಯುವುದು ಬೇಡ. ಪಾದ ಜೋಮು ಹಿಡಿದವರಿಗೆ ಬಯಲ ನಡಿಗೆಗಿಂತ ನಿಂತಲ್ಲೇ ಇರುವ ಸೈಕಲ್ ಕ್ಷೇಮ. ಹೃದಯಕ್ಕೆ ಹೊರೆಯಾಗುವ ಆಂಥ್ರಾಸೈಕ್ಲಿನ್, ಟ್ರಾಸ್ಟುಜುಮಾಬ್‌ನಂಥ ಔಷಧಿ ಪಡೆದವರು ಜೋರು ಶ್ರಮಕ್ಕೆ ಏರುವ ಮುನ್ನ ಹೃದಯ ತೋರಿಸಿಕೊಳ್ಳಬೇಕು.

ಮೂಳೆಗೆ ಹರಡಿರುವವರ ಮಾತು ಬೇರೆ. ಎಲ್ಲಿ ಹರಡಿದೆ ಎಂಬುದರ ಮೇಲೆ ಎಲ್ಲ ನಿಂತಿದೆ. ಜಿಗಿತ, ಬೆನ್ನು ತಿರುಚುವುದು, ಭಾರ ಹಿಡಿದು ಬಾಗುವುದು ಬೇಡ. ಈ ಒಂದು ಸ್ಥಿತಿಯಲ್ಲಿ ಮನೆಯೋ ತರಗತಿಯೋ ಎಂಬ ಆಯ್ಕೆಯೇ ಇಲ್ಲ: ಸ್ಕ್ಯಾನ್ ನೋಡಿ ಬಲ್ಲ ಫಿಸಿಯೋಥೆರಪಿಸ್ಟ್ ಬಳಿಯೇ ಶುರುವಾಗಬೇಕು.

ಕರಪತ್ರವೋ, ಆ್ಯಪೋ, ಮನುಷ್ಯನೋ

ಕ್ಯಾನ್ಸರ್ ಬಂದ ಮೇಲೆ ವ್ಯಾಯಾಮ ಮಾಡಿದರೆ ಆಯಸ್ಸು ಹೆಚ್ಚುತ್ತದೆಯೇ ಎಂಬುದಕ್ಕೆ ಗಮನಿಸಿದ ಲೆಕ್ಕಗಳೇ ಬಹುಕಾಲ ಗತಿಯಾಗಿದ್ದವು. 2025ರಲ್ಲಿ ಚಾಲೆಂಜ್ ಪ್ರಯೋಗದ ಫಲಿತಾಂಶ ಬಂತು. ದೊಡ್ಡ ಕರುಳಿನ ಮೂರನೇ ಹಂತದ, ಇಲ್ಲವೇ ಹೆಚ್ಚು ಅಪಾಯದ ಎರಡನೇ ಹಂತದ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ, ಕೀಮೋ ಮುಗಿಸಿದ 889 ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದ್ದರು. ಒಂದು ಗುಂಪಿಗೆ ಮೂರು ವರ್ಷದ ವ್ಯಾಯಾಮ ಕಾರ್ಯಕ್ರಮ, ಇನ್ನೊಂದಕ್ಕೆ ಆರೋಗ್ಯ ಮಾಹಿತಿಯ ಪುಸ್ತಿಕೆ. ಐದು ವರ್ಷದ ಹೊತ್ತಿಗೆ ಕಾಯಿಲೆ ಮರಳದೆ, ಹೊಸ ಕ್ಯಾನ್ಸರ್ ಬಾರದೆ ಬದುಕಿದ್ದವರು ವ್ಯಾಯಾಮದ ಗುಂಪಿನಲ್ಲಿ ಶೇ 80.3, ಪುಸ್ತಿಕೆಯ ಗುಂಪಿನಲ್ಲಿ ಶೇ 73.9. ಎಂಟು ವರ್ಷಕ್ಕೆ ಬದುಕಿದ್ದವರು ಶೇ 90.3 ಮತ್ತು ಶೇ 83.2.

ಪುಸ್ತಿಕೆಯಲ್ಲೂ ವ್ಯಾಯಾಮ ಮಾಡಿ ಎಂದೇ ಬರೆದಿತ್ತು! ವ್ಯತ್ಯಾಸ ಮಾಡಿದ್ದು ಮಾಹಿತಿಯಂತೂ ಅಲ್ಲ. ಮೊದಲ ವರ್ಷ ಎರಡು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ಒಬ್ಬ ಸಲಹೆಗಾರರು ಎದುರು ಕೂತೋ ಫೋನಿನಲ್ಲೋ 'ಹೇಗಾಯಿತು, ಏನು ಅಡ್ಡ ಬಂತು, ಮುಂದಿನ ಸಲ ಏನು ಮಾಡೋಣ' ಎಂದು ವಿಚಾರಿಸುತ್ತಿದ್ದರು. ವ್ಯಾಯಾಮದ ಬಗೆಯನ್ನು ರೋಗಿಗಳೇ ಆರಿಸಿಕೊಳ್ಳಬಹುದಿತ್ತು. ಗುರಿ ಮಾತ್ರ ಒಂದು: ಈಗಾಗಲೇ ಮಾಡುತ್ತಿರುವುದರ ಮೇಲೆ ವಾರಕ್ಕೆ ಕನಿಷ್ಠ 10 ಮೆಟ್-ಗಂಟೆ. ಸುಮ್ಮನೆ ಕೂತಾಗ ಮೈ ಖರ್ಚು ಮಾಡುವ ಶಕ್ತಿ ಒಂದು ಮೆಟ್, ಶ್ರಮದ ಮೆಟ್ಟನ್ನು ಗಂಟೆಯಿಂದ ಗುಣಿಸಿದರೆ ಮೆಟ್-ಗಂಟೆ. ಬಿರುಸು ನಡಿಗೆಯನ್ನು ಸುಮಾರು 4 ಮೆಟ್ ಎಂದು ಹಿಡಿದರೆ ಅದು ಎರಡೂವರೆ ಗಂಟೆ, ಅಂದರೆ 50 ನಿಮಿಷದಂತೆ ಮೂರು ದಿನ. 7 ಮೆಟ್‌ನ ಜಾಗಿಂಗ್ ಆದರೆ ಒಂದೂವರೆ ಗಂಟೆಗೂ ಕಡಿಮೆ ಸಾಕು. 'ಮೇಲೆ' ಎಂಬ ಪದ ಮರೆಯಬೇಡಿ, ಮೊದಲೇ ನಡೆಯುತ್ತಿದ್ದವರಿಗೆ ಹಳೆಯ ನಡಿಗೆ ಲೆಕ್ಕಕ್ಕಿಲ್ಲ. ಬೆಲೆಯನ್ನೂ ಹೇಳಬೇಕು: ಸ್ನಾಯು, ಕೀಲುಗಳ ತೊಂದರೆ ವ್ಯಾಯಾಮದ ಗುಂಪಿನಲ್ಲಿ ಶೇ 18.5, ಇನ್ನೊಂದರಲ್ಲಿ ಶೇ 11.5. ಇದು ಕರುಳಿನ ಕ್ಯಾನ್ಸರ್‌ನ ಫಲಿತಾಂಶ. ಉಳಿದ ಕ್ಯಾನ್ಸರ್‌ಗಳಿಗೆ ಇದೇ ಅಂಕಿ ಅಂಟಿಸಬಾರದು.

ಹಾಗಾದರೆ ಆರಿಸುವುದು ಹೇಗೆ? ಲಿಂಫೆಡಿಮಾ, ಮೂಳೆಯ ತೊಂದರೆ, ಬೀಳುವ ಭಯ, ಹೃದಯಕ್ಕೆ ಹೊರೆಯಾಗುವ ಔಷಧಿ ಇವುಗಳಲ್ಲಿ ಯಾವುದಾದರೂ ಇದ್ದರೆ ಮೊದಲ ಎರಡು ಮೂರು ತಿಂಗಳು ತರಬೇತುದಾರರ ಎದುರೇ. ಇವಾವುವೂ ಇಲ್ಲದೆ ನಡಿಗೆಯಷ್ಟೇ ಬೇಕಿದ್ದರೆ ಮನೆಯಿಂದ ಆದೀತು, ಆದರೆ ಫೋನ್ ಮಾಡಿ ಕೇಳುವ ಒಬ್ಬರನ್ನು ಗೊತ್ತುಮಾಡಿಕೊಳ್ಳಿ. ಆ್ಯಪ್ ಎಣಿಕೆಗೆ ಒಳ್ಳೆಯದು, ನೆಪ ಕೇಳಲು ಅದಕ್ಕೆ ಬಾರದು. ತರಗತಿಗೂ ಒಂದು ಬಲಹೀನತೆ ಇದೆ: ಅದು ಮುಗಿದ ದಿನ ವ್ಯಾಯಾಮವೂ ಮುಗಿಯುತ್ತದೆ. ಆದ್ದರಿಂದ ಕೊನೆಯ ನಾಲ್ಕು ವಾರ ಒಂದು ದಿನ ತರಗತಿ, ಎರಡು ದಿನ ಮನೆ ಎಂದು ಮೊದಲೇ ಬದಲಿಸಿಕೊಳ್ಳಬೇಕು. ತರಗತಿ ನಡೆಸುವವರನ್ನು ಒಂದು ಪ್ರಶ್ನೆ ಕೇಳಿ: ಎಷ್ಟು ಜನ ಬಂದರು ಎಂದು ಬರೆದಿಡುತ್ತೀರೋ, ಬಂದವರು ಎಷ್ಟು ಮಾಡಿದರು ಎಂದೋ? ಹಾಜರಿ ಶೇ 90 ಇದ್ದೂ ಮೂರು ತಿಂಗಳಲ್ಲಿ ಭಾರ ಒಮ್ಮೆಯೂ ಏರದ ತರಗತಿಗಳಿರುತ್ತವೆ.

ನಡೆಯುತ್ತೇನೆ ಎಂಬ ಸಂಕಲ್ಪಕ್ಕಿಂತ 'ಸೋಮವಾರ, ಬುಧವಾರ, ಶುಕ್ರವಾರ ಸಂಜೆ ಆರಕ್ಕೆ ಚಪ್ಪಲಿ ಬಿಚ್ಚುವ ಮೊದಲೇ ನಡೆಯಲು ಹೊರಡುತ್ತೇನೆ. ಮಳೆ ಬಂದರೆ ಕುರ್ಚಿಯ ಎರಡು ಸುತ್ತು' ಎಂದು ಬರೆದಿಟ್ಟ ಯೋಜನೆ ನಿಲ್ಲುತ್ತದೆ. ಬರೆದ ಮೇಲೆ ನಿಮ್ಮನ್ನೇ ಕೇಳಿಕೊಳ್ಳಿ, ಇದು ನನ್ನಿಂದಾದೀತು ಎಂಬ ಭರವಸೆ ಹತ್ತಕ್ಕೆ ಎಷ್ಟು? ಏಳಕ್ಕಿಂತ ಕಡಿಮೆ ಬಂದರೆ ಮನಸ್ಸನ್ನು ಬೈಯುವುದು ಬಿಟ್ಟು ಗುರಿಯನ್ನು ಇಳಿಸಿ, 30 ನಿಮಿಷ ಇದ್ದದ್ದು 12 ಆಗಲಿ.

ದಿನಚರಿಯಲ್ಲಿ ಮೂರು ಅಂಕಿ ಸಾಕು: ನಿಮಿಷ, ಶ್ರಮದ ಅಳತೆ, ಮಾರನೆಯ ಬೆಳಿಗ್ಗೆಯ ಸುಸ್ತು ಹತ್ತಕ್ಕೆ ಎಷ್ಟು. ಮೂರನೆಯದನ್ನು ಬರೆಯದವರು ಚೆನ್ನಾಗಿರುವ ದಿನ ಎರಡು ಗಂಟೆ ನಡೆದು ಮುಂದಿನ ಮೂರು ದಿನ ಹಾಸಿಗೆ ಹಿಡಿಯುತ್ತಾರೆ. ಬೆಳಗಿನ ಅಂಕ ಎಂದಿನದಕ್ಕಿಂತ ಎರಡು ಏರಿದ್ದರೆ ಮುಂದಿನ ಸಲ ಹೊತ್ತನ್ನು ಮೂರನೇ ಒಂದು ಭಾಗ ಇಳಿಸಿ, ದಿನ ಮಾತ್ರ ತಪ್ಪಿಸಬೇಡಿ. ಕೀಮೋ ಸುತ್ತಿನ ಕೆಟ್ಟ ವಾರ ಯಾವುದು ಎಂದು ಎರಡು ಸುತ್ತು ಬರೆದರೆ ತಾನಾಗಿ ಕಾಣುತ್ತದೆ. ಆ ವಾರಕ್ಕೆ ಮೊದಲೇ ಹತ್ತು ಹತ್ತು ನಿಮಿಷದ ಗುರಿ ಬರೆದಿಟ್ಟುಕೊಂಡರೆ ಅದು ಸೋತ ವಾರವಾಗಿ ಲೆಕ್ಕಕ್ಕೆ ಬರುವುದಿಲ್ಲ. ಒಂದು ವಾರ ಪೂರ್ತಿ ಬಿಟ್ಟುಹೋದರೆ ನಡಿಗೆಯನ್ನು ಅರ್ಧ ಹೊತ್ತಿನಿಂದ, ಭಾರವನ್ನು ಒಂದು ಮೆಟ್ಟಿಲು ಕೆಳಗಿನಿಂದ ಮತ್ತೆ ಹಿಡಿಯಿರಿ. ತಿಂಗಳೇ ಬಿಟ್ಟಿದ್ದರೆ ಕುರ್ಚಿಯ 30 ಸೆಕೆಂಡ್ ಎಣಿಕೆಯನ್ನು ಹೊಸದಾಗಿ ಮಾಡಿ, ಬಂದ ಸಂಖ್ಯೆಯಿಂದ.